ಊರಿನ ಸೋಲಾರಿಗೂ ಗಾಳಿಯಂತ್ರಕ್ಕೂ ದುಡ್ಡು ಹೊಂದಿಸುವುದು: ಕಾಸರಗೋಡಿನ ಸಂಘ-ಸಮಿತಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಯುವಕ ಸಂಘದ ಕಟ್ಟಡಕ್ಕೆ ಸೋಲಾರ್ ಹಾಕಿಸಬೇಕು. ಪಿಎಂ ಸೂರ್ಯ ಘರ್ ಸಬ್ಸಿಡಿ ಎಷ್ಟು ಸಿಗುತ್ತದೆ?

ಸಿಗುವುದಿಲ್ಲ. 2024ರ ಫೆಬ್ರವರಿಯಲ್ಲಿ ಶುರುವಾದ ಈ ಯೋಜನೆ ಮನೆಗಳಿಗೆ ಇರುವಂಥದ್ದು. ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂ., ಮೂರನೆಯದಕ್ಕೆ 18,000 ರೂ., ಅಲ್ಲಿಗೆ ಒಟ್ಟು 78,000 ರೂ. 3 ಕಿಲೋವ್ಯಾಟಿನ ಮೇಲೆ ಎಷ್ಟು ಹಾಕಿಸಿದರೂ ಅಷ್ಟೇ. ಫ್ಲಾಟುಗಳ ನಿವಾಸಿಗಳ ಸಂಘವಾದರೆ ಲಿಫ್ಟು, ನೀರಿನ ಪಂಪಿನಂಥ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000 ರೂ. ಉಂಟು. ಕ್ಲಬ್ಬು, ವಾಚನಾಲಯ, ಭಜನಾ ಮಂದಿರ, ಮಸೀದಿ, ಶಾಲೆ, ಹಾಲಿನ ಸೊಸೈಟಿ ಯಾವುದೂ ಇದರೊಳಗೆ ಬರುವುದಿಲ್ಲ. "ಸಂಘಕ್ಕೂ ಮಾಡಿಸಿಕೊಡುತ್ತೇವೆ" ಎನ್ನುವ ಏಜೆಂಟರು ಬಂದರೆ ಯಾರ ಹೆಸರಿನ ಮೀಟರಿಗೆ ಅರ್ಜಿ ಹಾಕುತ್ತಾರೆಂದು ಕೇಳಿ. ಸಾಮಾನ್ಯವಾಗಿ ಅಧ್ಯಕ್ಷರ ಮನೆಯ ಮೀಟರಿಗೆ. ಆಮೇಲೆ ಅಧ್ಯಕ್ಷರ ಮನೆಯವರೂ ಸಂಘದವರೂ ಮಾತು ಬಿಡುವಲ್ಲಿಗೆ ಅದು ಮುಟ್ಟುತ್ತದೆ.

ಹಾಗಾದರೆ ಊರಿನವರು ಒಟ್ಟಾಗಿ ಮಾಡುವಂಥದ್ದು ಏನೂ ಇಲ್ಲವೇ?

ಉಂಟು. ಬಹುತೇಕ ಊರುಗಳಿಗೆ ಅತ್ಯಂತ ಲಾಭದ ದಾರಿ ಒಂದು ದೊಡ್ಡ ಸ್ಥಾವರವಲ್ಲ, ಒಟ್ಟಾಗಿ ಖರೀದಿ ಮಾಡುವುದು. ಮೂವತ್ತು ಮನೆಯವರು ಸೇರಿ ಒಂದೇ ಬಗೆಯ 3 ಕಿಲೋವ್ಯಾಟಿನ ಸೆಟ್ಟಿಗೆ ಮೂರು ನೋಂದಾಯಿತ ಮಾರಾಟಗಾರರಿಂದ ದರಪಟ್ಟಿ ತರಿಸಿ. ಮಾಡು ಅವರವರದು, ಮೀಟರ್ ಅವರವರದು, ಸಬ್ಸಿಡಿ ನೇರ ಅವರವರ ಖಾತೆಗೆ. ಸಂಘದ ಕೆಲಸ ಚೌಕಾಸಿ, ಗುಣಮಟ್ಟದ ಪರಿಶೀಲನೆ, ದೂರುಗಳ ಬೆನ್ನು ಹಿಡಿಯುವುದು. ಮೂವತ್ತು ಆರ್ಡರು ಒಟ್ಟಿಗೆ ಕೈತಪ್ಪುತ್ತದೆಂದರೆ ಯಾವ ಮಾರಾಟಗಾರನೂ ಸರ್ವಿಸಿಗೆ ಬರುತ್ತಾನೆ. ಇಂಥ ಪ್ರತಿ ಮನೆಗೆ 1,000 ರೂ.ನಂತೆ ಸ್ಥಳೀಯ ಸಂಸ್ಥೆಗೂ ಕೇಂದ್ರದಿಂದ ಪ್ರೋತ್ಸಾಹಧನ ಇರುವುದರಿಂದ ಪಂಚಾಯತನ್ನು ಜತೆಗೆ ಸೇರಿಸಿಕೊಳ್ಳುವುದು ಕಷ್ಟವಲ್ಲ.

ಸಬ್ಸಿಡಿ ಬರುವುದು ಕೆಲಸ ಮುಗಿದ ಮೇಲೆ: ಪೋರ್ಟಲಿನಲ್ಲಿ ಅರ್ಜಿ, ಅಳವಡಿಕೆ, ನೆಟ್ ಮೀಟರ್ (ಲೈನಿಗೆ ಹೋದ, ಲೈನಿನಿಂದ ಬಂದ ಯೂನಿಟ್ ಎರಡನ್ನೂ ಎಣಿಸುವ ಮೀಟರು), ತಪಾಸಣೆ, ಆಮೇಲೆ ಹಣ. ಆವರೆಗಿನ 78,000 ರೂ.ಯನ್ನು ಯಾರಾದರೂ ಕೈಯಿಂದ ಹಾಕಬೇಕು. ಅಯಲ್ಕೂಟದ (ಕುಟುಂಬಶ್ರೀಯ ನೆರೆಹೊರೆ ಗುಂಪಿನ) ಒಳಸಾಲ ಅಥವಾ ಸರ್ವಿಸ್ ಸಹಕಾರಿ ಬ್ಯಾಂಕಿನ ಅಲ್ಪಾವಧಿ ಸಾಲ ಹೊಂದುವುದು ಇಲ್ಲಿಯೇ. ಸಬ್ಸಿಡಿ ಬೇಕಿದ್ದರೆ ಪ್ಯಾನೆಲಿನ ಒಳಗಿನ ಸೆಲ್ಲುಗಳೂ ಭಾರತದಲ್ಲೇ ತಯಾರಾದವಾಗಿರಬೇಕು. ಅಂಗಡಿಯವರು ಡಿಸಿಆರ್ ಪ್ಯಾನೆಲ್ ಎನ್ನುವುದು ಇದನ್ನೇ, ರೇಟು ಸ್ವಲ್ಪ ಜಾಸ್ತಿ. ಕಡಿಮೆ ದರಪಟ್ಟಿ ಕೊಟ್ಟವನು ಇದನ್ನೇ ಬಿಟ್ಟಿರುತ್ತಾನೆ.

ಸಂಘದ ಕಟ್ಟಡಕ್ಕೇ ಬೇಕು ಎಂದರೆ ಮೊದಲು ಏನು ಮಾಡಬೇಕು?

ದಾನಿಗಳನ್ನು ಹುಡುಕುವುದನ್ನು ಬದಿಗಿಟ್ಟು ಕರೆಂಟು ಬಿಲ್ಲು ಹುಡುಕಿ. ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಬಿಲ್ಲು ಎರಡು ತಿಂಗಳಿಗೊಮ್ಮೆಯಾದರೆ ಆರು ಬಿಲ್ಲು, ಅಂದರೆ ಒಂದು ವರ್ಷದ್ದು. ಅದರಲ್ಲಿ ನಾಲ್ಕು ವಿಷಯ ನೋಡಿ: ಕನ್ಸ್ಯೂಮರ್ ಹೆಸರು ಯಾರದು, ಟಾರಿಫ್ ಯಾವುದು, ಕನೆಕ್ಟೆಡ್ ಲೋಡ್ ಎಷ್ಟು, ಸಿಂಗಲ್ ಫೇಸೋ ತ್ರೀ ಫೇಸೋ.

ಕಾಸರಗೋಡಿನಲ್ಲಿ ಹೆಚ್ಚಿನ ಹಳೆಯ ವಾಚನಾಲಯ, ನೀರಿನ ಸಮಿತಿಗಳ ಮೀಟರು ಜಾಗ ಕೊಟ್ಟ ಹಿರಿಯರ ಹೆಸರಿನಲ್ಲೇ ಉಳಿದಿರುತ್ತದೆ. ಅವರು ತೀರಿಹೋಗಿರುತ್ತಾರೆ, ಮಕ್ಕಳಲ್ಲಿ ಇಬ್ಬರು ಗಲ್ಫಿನಲ್ಲಿರುತ್ತಾರೆ. ಮೀಟರು ಸಂಘದ ಹೆಸರಿಗೆ ಬಾರದೆ ನೆಟ್ ಮೀಟರ್ ಇಲ್ಲ, ಸಾಲ ಇಲ್ಲ, ಕಂಪೆನಿಗಳು ಸಮಾಜಕ್ಕೆಂದು ಖರ್ಚು ಮಾಡಬೇಕಾದ ಸಿಎಸ್‌ಆರ್ ಹಣವಂತೂ ಇಲ್ಲವೇ ಇಲ್ಲ. ಹಣ ಸಿಕ್ಕಿಯೂ ಯೋಜನೆ ನಿಲ್ಲುವುದು ಹೆಚ್ಚಾಗಿ ಇಲ್ಲಿಯೇ, ಅದೂ ಮಾರ್ಚ್ ತಿಂಗಳಲ್ಲಿ. ಆದ್ದರಿಂದ ಹೆಸರು ವರ್ಗಾವಣೆಯೇ ಮೊದಲ ಕೆಲಸ. ಜಾಗದ ಆಧಾರ, ಕಂದಾಯ ರಸೀದಿ, ಸಂಘದ ನೋಂದಣಿ ಪತ್ರ, ಆಡಳಿತ ಸಮಿತಿಯ ನಿರ್ಣಯದ ನಕಲು, ಇಷ್ಟು ಕಡತ ಸಿದ್ಧವಿದ್ದರೆ ಮುಂದಿನ ಎಲ್ಲ ಬಾಗಿಲಿಗೂ ಅದೇ ಸಾಕು.

ಎಷ್ಟು ಕಿಲೋವ್ಯಾಟ್ ಬೇಕು, ಎಷ್ಟು ಖರ್ಚು? ಒಂದು ಲೆಕ್ಕ ತೋರಿಸಿ.

50 ಮನೆಗಳ ಕುಡಿಯುವ ನೀರಿನ ಸಮಿತಿ, 5 ಎಚ್‌ಪಿ ಪಂಪು ಎಂದುಕೊಳ್ಳಿ. ಪಂಪು ಸುಮಾರು 4.5 ಕಿಲೋವ್ಯಾಟ್ ಎಳೆಯುತ್ತದೆ. ದಿನಕ್ಕೆ 4 ಗಂಟೆ ಓಡಿದರೆ 18 ಯೂನಿಟ್, ವರ್ಷಕ್ಕೆ ಹೆಚ್ಚು ಕಡಿಮೆ 6,500. ನಮ್ಮ ಕಡೆ 1 ಕಿಲೋವ್ಯಾಟ್ ವರ್ಷಕ್ಕೆ ಸುಮಾರು 1,300 ಯೂನಿಟ್ ಕೊಡುತ್ತದೆಂದು ಹಿಡಿದರೆ 5 ಕಿಲೋವ್ಯಾಟ್ ಸಾಕು. "ದಿನಕ್ಕೆ 4 ಯೂನಿಟ್" ಎಂಬ ಮಾರಾಟದ ಮಾತನ್ನು 365ರಿಂದ ಗುಣಿಸಿದರೆ 1,460 ಆಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಮೋಡ ಆ ಲೆಕ್ಕದಲ್ಲಿ ಇರುವುದಿಲ್ಲ.

550 ವ್ಯಾಟಿನ 9 ಪ್ಯಾನೆಲ್. ಓಡಾಡುವ ಜಾಗ ಸೇರಿ ಸುಮಾರು 500 ಚದರ ಅಡಿ. ಕಿಲೋವ್ಯಾಟಿಗೆ 60,000 ರೂ. ಹಿಡಿದರೆ 3 ಲಕ್ಷ. ಯೂನಿಟ್ಟಿಗೆ 5 ರೂ. ಉಳಿಯುತ್ತದೆಂದರೆ ವರ್ಷಕ್ಕೆ 32,500 ರೂ., ತಿಂಗಳಿಗೆ 2,700. ನಿಮ್ಮ ಬಿಲ್ಲಿನ ದರ ಹಾಕಿ ಇದನ್ನೇ ಮತ್ತೊಮ್ಮೆ ಗುಣಿಸಿ. ಫಿಕ್ಸೆಡ್ ಚಾರ್ಜ್ ಸೋಲಾರ್ ಹಾಕಿದರೂ ಹೋಗುವುದಿಲ್ಲ, ಅದನ್ನು ಉಳಿತಾಯಕ್ಕೆ ಸೇರಿಸಬೇಡಿ.

ಪೂರ್ತಿ 3 ಲಕ್ಷ ಸಮಿತಿಯೇ ಹಾಕಿದರೆ ಹಣ ಮರಳಲು ಒಂಬತ್ತು ವರ್ಷಕ್ಕೂ ಮೇಲೆ. ಅರ್ಧ ಅನುದಾನ ಸಿಕ್ಕಿ, ಉಳಿದ 1.5 ಲಕ್ಷವನ್ನು ಶೇ. 10ರ ಬಡ್ಡಿಯಲ್ಲಿ 5 ವರ್ಷಕ್ಕೆ ಸಾಲ ಮಾಡಿದರೆ ಕಂತು 3,187 ರೂ. ಉಳಿತಾಯಕ್ಕಿಂತ ಜಾಸ್ತಿ. ಅದೇ 7 ವರ್ಷಕ್ಕೆ ಮಾಡಿದರೆ 2,490 ರೂ. ಇನ್ವರ್ಟರ್ ಹತ್ತು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆಂದು ತಿಂಗಳಿಗೆ 400 ರೂ. ಬೇರೆ ತೆಗೆದಿಟ್ಟರೆ ಸುಮಾರು 200 ರೂ. ಕೊರತೆ. 50 ಮನೆಗೆ ಹಂಚಿದರೆ ಮನೆಗೆ 4 ರೂ. ಇದನ್ನು ಮಹಾಸಭೆಯಲ್ಲಿ ಮೊದಲೇ ಬರೆದು ಓದಿ. "ನಾಳೆಯಿಂದ ಬಿಲ್ಲೇ ಇಲ್ಲ" ಎಂದು ಹೇಳಿ ಆಮೇಲೆ 4 ರೂ. ಕೇಳಲು ಹೋದರೆ ಜಗಳ ಖಂಡಿತ.

ಅನುದಾನ ಯಾರು ಕೊಡುತ್ತಾರೆ?

ಗ್ರಾಮ ಪಂಚಾಯತಿನ ಯೋಜನಾ ನಿಧಿ ಹತ್ತಿರದ ಬಾಗಿಲು. ಗ್ರಾಮಸಭೆಯಲ್ಲಿ ಬೇಡಿಕೆ ದಾಖಲಾಗಬೇಕು, ವರ್ಕಿಂಗ್ ಗ್ರೂಪು ಅದನ್ನು ಯೋಜನೆಯಾಗಿ ಬರೆಯಬೇಕು, ಜಿಲ್ಲಾ ಯೋಜನಾ ಸಮಿತಿ ಒಪ್ಪಬೇಕು. ಏಪ್ರಿಲಿನಲ್ಲಿ ಹೋಗಿ ಕೇಳಿದರೆ ಆ ವರ್ಷದ ಪಟ್ಟಿ ಮುಗಿದಿರುತ್ತದೆ. ಹಿಂದಿನ ಮಳೆಗಾಲ ಮುಗಿಯುವಾಗಲೇ ವಾರ್ಡ್ ಸದಸ್ಯರ ಕೈಯಲ್ಲಿ ಅಂದಾಜುಪಟ್ಟಿ ಇರಬೇಕು. ಪಂಚಾಯತು ಹಣ ಹಾಕಿದ ಆಸ್ತಿ ಪಂಚಾಯತಿನ ಆಸ್ತಿ ರಿಜಿಸ್ಟರಿಗೆ ಹೋಗುತ್ತದೆ. ಸಂಘಕ್ಕೆ ಸಿಗುವುದು ನಿರ್ವಹಣೆಯ ಹಕ್ಕು, ಒಡೆತನ ಅಲ್ಲ. ನೀರಿನ ಸಮಿತಿ, ಅಂಗನವಾಡಿ, ಸರಕಾರಿ ಶಾಲೆಗೆ ಇದು ತೊಂದರೆಯಲ್ಲ. ಖಾಸಗಿ ಜಾಗದ ಕ್ಲಬ್ಬಿಗೆ ದೊಡ್ಡ ತೊಂದರೆ.

ಸಂಸದರ ನಿಧಿ ವರ್ಷಕ್ಕೆ 5 ಕೋಟಿ. ಶಾಸಕರ ಆಸ್ತಿ ಅಭಿವೃದ್ಧಿ ನಿಧಿಯೂ ಉಂಟು. ಎರಡಕ್ಕೂ ಸಾರ್ವಜನಿಕ ಬಳಕೆಯ ಆಸ್ತಿ ಎಂಬುದೇ ಮುಖ್ಯ. ಪಿ. ಪ್ರಭಾಕರನ್ ಆಯೋಗದ ವರದಿಯಿಂದ ಹುಟ್ಟಿದ ಕಾಸರಗೋಡು ಅಭಿವೃದ್ಧಿ ಪ್ಯಾಕೇಜಿನ ಬಾಗಿಲು ಕಲೆಕ್ಟರೇಟಿನಲ್ಲಿ. ಅಲ್ಲಿಗೆ ಸಂಘ ನೇರ ಹೋಗುವುದಕ್ಕಿಂತ ಪಂಚಾಯತು ಅಥವಾ ಇಲಾಖೆಯ ಮೂಲಕ ಹೋದ ಪ್ರಸ್ತಾವನೆಗೆ ತೂಕ ಹೆಚ್ಚು. ಸೂರ್ಯ ಘರ್ ಯೋಜನೆಯೊಳಗೇ ಜಿಲ್ಲೆಗೊಂದು ಮಾದರಿ ಸೌರ ಗ್ರಾಮಕ್ಕೆ 1 ಕೋಟಿ ರೂ. ಇಟ್ಟಿದ್ದಾರೆ. ಅದು 5,000ಕ್ಕೂ ಹೆಚ್ಚು ಜನರಿರುವ ಕಂದಾಯ ಗ್ರಾಮಗಳ ನಡುವಿನ ಸ್ಪರ್ಧೆ, ಒಂದು ಸಂಘದ ಅರ್ಜಿಯಿಂದ ಆಗುವಂಥದ್ದಲ್ಲ.

ಕಂಪೆನಿಗಳ ಸಿಎಸ್‌ಆರ್ ಹಣ?

2013ರ ಕಂಪೆನಿ ಕಾಯ್ದೆಯ 135ನೇ ಕಲಮಿನಂತೆ 500 ಕೋಟಿ ನೆಟ್ ವರ್ತ್, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದಿದ್ದರೂ ಆ ಕಂಪೆನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟು ಖರ್ಚು ಮಾಡಬೇಕು. ಪಡೆಯುವ ಸಂಸ್ಥೆಗೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿಯೂ ಸಿಎಸ್‌ಆರ್-1 ನಮೂನೆಯ ಸಂಖ್ಯೆಯೂ ಬೇಕು. ಸಣ್ಣ ಸಂಘಗಳ ಹತ್ತಿರ ಇದು ಇರುವುದು ಅಪರೂಪ. 3 ಲಕ್ಷದ ಕೆಲಸಕ್ಕಾಗಿ ಇದನ್ನೆಲ್ಲ ಹೊಸದಾಗಿ ಮಾಡಿಸುವುದು ನಮ್ಮ ಅಭಿಪ್ರಾಯದಲ್ಲಿ ಲಾಭವಿಲ್ಲದ ಓಡಾಟ. ನೋಂದಣಿ ಇರುವ ಟ್ರಸ್ಟೋ ಆಸ್ಪತ್ರೆಯೋ ಸೇರಿ ಐದಾರು ಸಮಿತಿಗಳ ಪ್ರಸ್ತಾವನೆಯನ್ನು ಒಟ್ಟಿಗೆ ಕೊಟ್ಟರೆ ಕಂಪೆನಿಯೂ ಕಣ್ಣೆತ್ತಿ ನೋಡುತ್ತದೆ.

ಊರಿನವರಿಂದ ಪಾಲು ಎತ್ತಿ, ಕರೆಂಟು ಮಾರಿದ ಲಾಭ ಹಂಚಬಹುದೇ?

ಎಚ್ಚರ. ಮಲಬಾರಿನ ಜಿಲ್ಲೆಯಾದ ಕಾಸರಗೋಡಿನಲ್ಲಿ ಸಂಘಗಳ ನೋಂದಣಿ 1860ರ ಸೊಸೈಟಿ ಕಾಯ್ದೆಯಡಿ. ಅಂಥ ಸಂಘ ಸದಸ್ಯರಿಗೆ ಲಾಭ ಹಂಚುವಂತಿಲ್ಲ. "10,000 ಕೊಡಿ, ವರ್ಷಕ್ಕೆ ಇಷ್ಟು ಶೇಕಡಾ ಕೊಡುತ್ತೇವೆ" ಎಂದು ವಾಟ್ಸಾಪಿನಲ್ಲಿ ಹಾಕಿದರೆ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ಮೈಮೇಲೆ ಬರಬಹುದು, ಉದ್ದೇಶ ಎಷ್ಟು ಒಳ್ಳೆಯದಿದ್ದರೂ. ಲಾಭ ಹಂಚಬೇಕಿದ್ದರೆ ಸಹಕಾರಿ ಸಂಘ ಅಥವಾ ಹತ್ತು ಮಂದಿ ಬೆಳೆಗಾರರಾದರೂ ಇರುವ ಉತ್ಪಾದಕರ ಕಂಪೆನಿ ಬೇಕು. ಗುಜರಾತಿನ ಖೇಡಾ ಜಿಲ್ಲೆಯ ಢುಂಢಿಯಲ್ಲಿ ರೈತರು ಸೋಲಾರ್ ಪಂಪಿನ ಸಹಕಾರಿ ಕಟ್ಟಿ, ನೀರೆತ್ತಿ ಉಳಿದ ಕರೆಂಟನ್ನು ಲೈನಿಗೆ ಮಾರಿದ್ದು ಈ ದಾರಿಯಲ್ಲೇ.

ಬರೀ ಬಿಲ್ಲು ತಗ್ಗಿಸುವುದೇ ಗುರಿಯಾದರೆ ಇಷ್ಟೆಲ್ಲ ಬೇಡ. ವಂತಿಗೆ, ರಸೀದಿ ಪುಸ್ತಕ, ಮಹಾಸಭೆಯ ನಿರ್ಣಯ ಸಾಕು. ವಂತಿಗೆ ಎಂದರೆ ಮರಳದ ಹಣ ಎಂದು ರಸೀದಿಯ ಮೇಲೇ ಅಚ್ಚು ಹಾಕಿಸಿ.

ಬ್ಯಾಂಕು ಸಾಲ ಕೊಡುತ್ತದೆಯೇ?

ಮನೆಗಳಿಗೆ ಸುಲಭ: ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿನವರೆಗೆ ಅಡಮಾನವಿಲ್ಲದ, ರೆಪೊ ದರಕ್ಕೆ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ) ಶೇ. 0.5 ಸೇರಿಸಿದ ಬಡ್ಡಿಯ ಸಾಲ ಸರಕಾರಿ ಬ್ಯಾಂಕುಗಳಲ್ಲಿ ಉಂಟು. ಸಂಘಕ್ಕೆ ಕಷ್ಟ. ಮ್ಯಾನೇಜರು ಕೇಳುವುದು ಮೂರು ವರ್ಷದ ಆಡಿಟ್ ಆದ ಲೆಕ್ಕಪತ್ರ ಮತ್ತು ವೈಯಕ್ತಿಕ ಜಾಮೀನು. ನವೀಕರಿಸಬಹುದಾದ ಇಂಧನದ ಸಾಲ ರಿಸರ್ವ್ ಬ್ಯಾಂಕಿನ ಆದ್ಯತಾ ವಲಯದೊಳಗೆ ಬರುತ್ತದೆ, ಆದರೆ ಅದು ಬ್ಯಾಂಕಿಗೆ ಅನುಕೂಲವೇ ಹೊರತು ನಿಮಗೆ ಹಕ್ಕಲ್ಲ. ಸಂಘ ಸದಸ್ಯತ್ವ ಹೊಂದಿರುವ ಊರ ಸಹಕಾರಿ ಬ್ಯಾಂಕೇ ಪ್ರಾಯೋಗಿಕ.

ಅಡಿಕೆ ತೋಟದ ಪಂಪುಗಳಿಗೆ ಪಿಎಂ ಕುಸುಮ್ ಆಗುತ್ತದೆಯೇ?

ಆಗುತ್ತದೆ. ಕುಸುಮ್ ಎಂದರೆ ರೈತರ ಸೋಲಾರಿಗಿರುವ ಕೇಂದ್ರದ ಯೋಜನೆ. ಈಗಿರುವ ಕರೆಂಟಿನ ಪಂಪಿಗೆ ಸೋಲಾರ್ ಜೋಡಿಸುವುದು ಅದರ ಸಿ ಭಾಗ. ಕೇಂದ್ರ, ರಾಜ್ಯ ತಲಾ ಶೇ. 30, ರೈತನ ಪಾಲು ಶೇ. 40. ಕೇರಳದಲ್ಲಿ ನಡೆಸುವುದು ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಅನೆರ್ಟ್. ಕೃಷಿ ಭವನದ ಮೂಲಕ ಉಚಿತ ಕರೆಂಟು ಪಡೆಯುತ್ತಿರುವವರಿಗೆ ಬಿಲ್ಲಿನ ಉಳಿತಾಯ ಶೂನ್ಯ. ಲಾಭ ಏನಿದ್ದರೂ ಲೈನಿಗೆ ಹೋಗುವ ಹೆಚ್ಚುವರಿ ಯೂನಿಟ್ಟಿನ ಹಣದಲ್ಲಿ. ಇಲ್ಲಿ ಪಂಪು ಓಡುವುದು ಡಿಸೆಂಬರಿನಿಂದ ಮೇ ತನಕವಾದ್ದರಿಂದ ಉಳಿದ ತಿಂಗಳ ಉತ್ಪಾದನೆ ಪೂರ್ತಿ ಹೊರಗೆ ಹೋಗುತ್ತದೆ. ಆದರೆ ಅದರಲ್ಲಿ ಮೂರು ತಿಂಗಳು ಮಳೆ.

ಎ ಭಾಗ ದೊಡ್ಡದು: ಸಬ್‌ಸ್ಟೇಷನ್ನಿನಿಂದ 5 ಕಿಲೋಮೀಟರಿನೊಳಗೆ 500 ಕಿಲೋವ್ಯಾಟಿನಿಂದ 2 ಮೆಗಾವ್ಯಾಟ್. ರೈತರ ಗುಂಪು, ಸಹಕಾರಿ, ಪಂಚಾಯತುಗಳೂ ಹಾಕಬಹುದು. 1 ಮೆಗಾವ್ಯಾಟಿಗೆ ನಾಲ್ಕೈದು ಎಕರೆ ಬೇಕು. ಇದಕ್ಕೆ ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿಯವರೆಗಿನ ಸಾಲಕ್ಕೆ 7 ವರ್ಷ ಶೇ. 3 ಬಡ್ಡಿ ರಿಯಾಯಿತಿ ಸಿಗುತ್ತದೆ. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ 250 ಎಕರೆಯಲ್ಲಿ ಎದ್ದ, 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ 50 ಮೆಗಾವ್ಯಾಟಿನ ಸ್ಥಾವರ ನೋಡಿ ನಮ್ಮ ಪದವುಗಳು (ಮುರಕಲ್ಲಿನ ಬಯಲುಗುಡ್ಡಗಳು) ಇದಕ್ಕೇ ಇರುವುದು ಎಂದು ಅನೇಕರಿಗೆ ಅನಿಸಿದೆ. ಜಾಗದ ದಾಖಲೆ ಮೊದಲು ನೋಡಿ. ಸರಕಾರ ಪಟ್ಟಾ ಕೊಟ್ಟ ಜಾಗವಾದರೆ ಯಾವ ಉದ್ದೇಶಕ್ಕೆ ಕೊಟ್ಟದ್ದೆಂಬ ಪ್ರಶ್ನೆ ಬರುತ್ತದೆ. ಗದ್ದೆಯಾದರೆ 2008ರ ಗದ್ದೆ-ಜೌಗುಭೂಮಿ ಸಂರಕ್ಷಣಾ ಕಾಯ್ದೆ ಅಡ್ಡ ನಿಲ್ಲುತ್ತದೆ. ಪದವಿನ ಮಳೆನೀರೇ ಕೆಳಗಿನ ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು), ಬಾವಿಗಳಿಗೆ ಇಳಿಯುವುದು. ಸಮತಟ್ಟು ಮಾಡಿ ಚರಂಡಿ ಕೊರೆದರೆ ಕೆಳಗಿನ ಮನೆಯವರು ಕೇಳಲು ಬರುತ್ತಾರೆ, ಬರಬೇಕಾದದ್ದೇ.

ಸಮುದ್ರದ ಬದಿಯಲ್ಲಿ ಗಾಳಿ ಜೋರುಂಟಲ್ಲ, ಸಣ್ಣ ಗಾಳಿಯಂತ್ರ ಹಾಕಬಹುದೇ?

ಬೇಡ ಎಂದೇ ಹೇಳುತ್ತೇವೆ. ಗಾಳಿಯ ಶಕ್ತಿ ವೇಗದ ಘನಕ್ಕೆ ಅನುಗುಣ: ವೇಗ ಅರ್ಧವಾದರೆ ಶಕ್ತಿ ಎಂಟರಲ್ಲಿ ಒಂದು. 3 ಮೀಟರ್ ವ್ಯಾಸದ ರೆಕ್ಕೆಯ ಯಂತ್ರ ಸೆಕೆಂಡಿಗೆ 8 ಮೀಟರ್ ಗಾಳಿಯಲ್ಲಿ 650 ವ್ಯಾಟ್ ಕೊಟ್ಟರೆ 4 ಮೀಟರ್ ಗಾಳಿಯಲ್ಲಿ 80 ವ್ಯಾಟ್, ಒಂದು ಫ್ಯಾನಿಗೆ ಸಾಕು. ಕ್ಯಾಟಲಾಗಿನ "1 ಕಿಲೋವ್ಯಾಟ್" ಎಂಬುದು ಸಾಮಾನ್ಯವಾಗಿ 10 ಮೀಟರಿನ ಮೇಲಿನ ಗಾಳಿಗೆ ಬರೆದದ್ದು. ಮಳೆಗಾಲದ ಗಾಳಿ ಜೋರು ನಿಜ, ಆದರೆ ಅದು ರಭಸದಲ್ಲಿ ಬಂದು ತಿರುಗಿ ಹೋಗುತ್ತದೆ. ಬೇರಿಂಗು ಸವೆಯುತ್ತದೆ, ಯೂನಿಟ್ ಏರುವುದಿಲ್ಲ. ರೆಕ್ಕೆ ಸುತ್ತಲಿನ ನೂರು ಮೀಟರಿನ ಯಾವುದೇ ಮರಕ್ಕಿಂತ ಹತ್ತು ಮೀಟರ್ ಮೇಲಿರಬೇಕು. ತೆಂಗು 15ರಿಂದ 20 ಮೀಟರ್ ಇರುವ ಊರಿನಲ್ಲಿ ಅಷ್ಟೆತ್ತರದ ಗೋಪುರದ ಖರ್ಚಿಗೇ ಎರಡು ಸೋಲಾರ್ ಸೆಟ್ಟು ಬರುತ್ತದೆ.

ಗಾಳಿಯಲ್ಲಿ ಸಮುದಾಯ ಯೋಜನೆ ಗೆದ್ದ ಉದಾಹರಣೆ ಬೇಕೆಂದರೆ ಕೊಯಮತ್ತೂರು ಜಿಲ್ಲೆಯ ಒಡಂದುರೈ ಪಂಚಾಯತು. 2006ರಲ್ಲಿ 1.55 ಕೋಟಿ ರೂ. ಹಾಕಿ, ಹೆಚ್ಚಿನ ಭಾಗ ಬ್ಯಾಂಕ್ ಸಾಲದಿಂದ, 350 ಕಿಲೋವ್ಯಾಟಿನ ಗಾಳಿಯಂತ್ರ ಕೊಂಡಿತು. ಯಂತ್ರವನ್ನು ಅವರು ನಿಲ್ಲಿಸಿದ್ದು ತಮ್ಮ ಊರಿನಲ್ಲಲ್ಲ, ಗಾಳಿ ಬೀಸುವ ಉಡುಮಲೈ ಕಡೆ. ಕರೆಂಟು ಲೈನಿನಲ್ಲಿ ಬಂದು ಪಂಚಾಯತಿನ ಲೆಕ್ಕಕ್ಕೆ ಜಮೆಯಾಯಿತು, ಉಳಿದದ್ದು ಮಾರಾಟವಾಯಿತು. ನಮಗೂ ಗಾಳಿಯೇ ಬೇಕೆಂದಿದ್ದರೆ ಪಾಲಕ್ಕಾಡಿನ ಕಣಿವೆಬಾಯಿ ಅಥವಾ ಇಡುಕ್ಕಿಯ ರಾಮಕ್ಕಲ್‌ಮೇಡು ಬದಿ ನೋಡಬೇಕು, ಅದು ಕೋಟಿಗಳ ಮಾತು.

ದೇಲಂಪಾಡಿ, ಬೆಳ್ಳೂರು ಕಡೆಯ ಗುಡ್ಡದ ಮನೆಗಳಿಗೆ ಮಳೆಗಾಲದಲ್ಲಿ ಸೋಲಾರಿಗೆ ಜತೆ ಬೇಕಾದರೆ ತೋಡಿನ ನೀರಿನಿಂದ ತಿರುಗುವ ಪುಟ್ಟ ಟರ್ಬೈನು ಉತ್ತಮ. ಸೆಕೆಂಡಿಗೆ 5 ಲೀಟರ್, 20 ಮೀಟರ್ ಬೀಳು ಇದ್ದರೆ ಅರ್ಧ ನಷ್ಟ ಹೋಗಿಯೂ 490 ವ್ಯಾಟ್. ರಾತ್ರಿ ಹಗಲು ಸೇರಿ ದಿನಕ್ಕೆ 11-12 ಯೂನಿಟ್.

ದರಪಟ್ಟಿಯಲ್ಲಿ ಏನೇನು ನೋಡಬೇಕು?

ಪ್ಯಾನೆಲ್, ಇನ್ವರ್ಟರಿನ ಬ್ರಾಂಡು ಎಲ್ಲರೂ ನೋಡುತ್ತಾರೆ. ಹಾಳಾಗುವುದು ಉಳಿದದ್ದು. ಸ್ಟ್ರಕ್ಚರು ಹಾಟ್ ಡಿಪ್ ಗ್ಯಾಲ್ವನೈಸ್ (ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು) ಆಗಿರಬೇಕು, ಬೋಲ್ಟು ಸ್ಟೇನ್‌ಲೆಸ್. ಮಂಜೇಶ್ವರ, ಕುಂಬಳೆಯ ಕಡಲ ಬದಿಯಲ್ಲಿ ಬಣ್ಣ ಬಳಿದ ಕಬ್ಬಿಣ ಎರಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಇಳಿಜಾರು ದಕ್ಷಿಣಕ್ಕೆ 10ರಿಂದ 15 ಡಿಗ್ರಿ. ಅದಕ್ಕಿಂತ ಚಪ್ಪಟೆಯಾದರೆ ಪ್ಯಾನೆಲಿನ ಕೆಳ ಅಂಚಿನಲ್ಲಿ ಕೆಸರು ನಿಂತು ಪಾಚಿಯ ಗೆರೆ ಕಟ್ಟುತ್ತದೆ. ಹಂಚಿನ ಮಾಡಾದರೆ ಪಕಾಸು, ರೀಪು ಮೊದಲು ಪರೀಕ್ಷಿಸಿ, ಒಂದೊಂದು ಪ್ಯಾನೆಲ್ 28-30 ಕಿಲೋ ಇರುತ್ತದೆ.

ಪ್ಯಾನೆಲಿನ ವಯರುಗಳನ್ನು ಜೋಡಿಸುವ ಎಂಸಿ4 ಕನೆಕ್ಟರು ಒಂದು ಬದಿ ಒಂದು ಕಂಪೆನಿಯದು, ಇನ್ನೊಂದು ಬದಿ ಮತ್ತೊಂದರದು ಆಗಬಾರದು. ಒಳಗೆ ಸೇರಿದಂತೆ ಕಾಣುತ್ತದೆ, ಆದರೆ ಪಿನ್ನು ಸಡಿಲ. ಬಿಸಿಯಾಗಿ ಕಪ್ಪು ಪ್ಲಾಸ್ಟಿಕ್ ಮೊದಲು ಹೊಳಪು ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕರಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಧನಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ಹಿಡಿದುಕೊಂಡು ಬಂದರೆ ಹೊಸದು ಕೇಳಿ.

ಸಿಡಿಲಿಗೆ ಏನು ಮಾಡುವುದು?

ಏಪ್ರಿಲ್-ಮೇ ಮತ್ತು ತುಲಾ ಮಳೆಯ (ಅಕ್ಟೋಬರ್-ನವೆಂಬರಿನ ಹಿಂಗಾರು) ಮಧ್ಯಾಹ್ನಗಳಲ್ಲಿ ಇಲ್ಲಿ ಇನ್ವರ್ಟರು ಸಾಯುವುದು ಹೆಚ್ಚು. ಮೂರು ಅರ್ಥಿಂಗ್ ಗುಂಡಿ ಬೇಕು: ಮಿಂಚುಬಂಧಕಕ್ಕೆ ಒಂದು, ಡಿಸಿ ಬದಿಗೆ ಒಂದು, ಎಸಿ ಬದಿಗೆ ಒಂದು. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಕರೆಂಟನ್ನು ಒಳಗೆ ಬಿಡುವುದಿಲ್ಲ. ಜುಲೈಯಲ್ಲಿ ಅಳೆದು "3 ಓಮ್" ಎಂದು ಬರೆದುಕೊಟ್ಟ ಗುಂಡಿ ಮಾರ್ಚಿನಲ್ಲಿ ಹತ್ತಿಪ್ಪತ್ತಕ್ಕೆ ಏರಿದರೆ ಆಶ್ಚರ್ಯವಿಲ್ಲ. ಬೇಸಿಗೆಯಲ್ಲಿ ಅಳೆಯಿಸಿ, 5 ಓಮಿನ ಒಳಗೆ ಬರಲಿ. ಡಿಸಿ, ಎಸಿ ಎರಡೂ ಬದಿಯ ಪೆಟ್ಟಿಗೆಯಲ್ಲಿ ಎಸ್‌ಪಿಡಿ (ಸಿಡಿಲಿನ ವೋಲ್ಟೇಜ್ ಏರಿಕೆಯನ್ನು ತಡೆಯುವ ಸಾಧನ) ಇರಬೇಕು. ಅದರ ಪುಟ್ಟ ಕಿಟಕಿ ಹಸಿರಿನಿಂದ ಕೆಂಪಿಗೆ ತಿರುಗಿದರೆ ಅದು ನಿಮ್ಮ ಇನ್ವರ್ಟರಿಗಾಗಿ ಪ್ರಾಣ ಬಿಟ್ಟಿದೆ ಎಂದರ್ಥ, ಕಾರ್ಟ್ರಿಜ್ ಬದಲಿಸಿ. ಪ್ರತಿ ಸಿಡಿಲಿನ ಮಳೆಯ ಮರುದಿನ ಈ ಕಿಟಕಿ ನೋಡುವುದನ್ನು ಪಂಪು ಆಪರೇಟರ ಕೆಲಸಕ್ಕೆ ಸೇರಿಸಿ, ವಿಮೆಯಲ್ಲಿ ಸಿಡಿಲು ಸೇರಿದೆಯೇ ಎಂದೂ ಓದಿ.

ನೆಟ್ ಮೀಟರ್ ಬಂತು, ಆದರೂ ಬಿಲ್ಲು ಇಳಿಯಲಿಲ್ಲ. ಏಕೆ?

ಹೆಚ್ಚಾಗಿ ವೋಲ್ಟೇಜು. ಲೈನು 230 ವೋಲ್ಟಿನ ಶೇ. 110 ಅಂದರೆ 253 ದಾಟಿದರೆ, ಅಥವಾ ಶೇ. 80 ಅಂದರೆ 184ರ ಕೆಳಗಿಳಿದರೆ ಇನ್ವರ್ಟರ್ ತಾನಾಗಿ ಕಳಚಿಕೊಳ್ಳಬೇಕೆಂಬುದು ನಿಯಮ. ಟ್ರಾನ್ಸ್‌ಫಾರ್ಮರಿನಿಂದ ದೂರದ ಲೈನಿನ ತುದಿಯಲ್ಲಿ, ಫೆಬ್ರವರಿಯಿಂದ ಎಲ್ಲ ತೋಟದ ಪಂಪು ಒಟ್ಟಿಗೆ ಓಡುವಾಗ ವೋಲ್ಟೇಜು ಬಿದ್ದು ಒಳ್ಳೆ ಬಿಸಿಲಿನ ಹೊತ್ತಿಗೇ ಉತ್ಪಾದನೆ ನಿಂತಿರುತ್ತದೆ. ಹಾಕಿಸುವ ಮೊದಲೇ ಒಂದು ವಾರ ಬೆಳಗ್ಗೆ 11ಕ್ಕೂ ಮಧ್ಯಾಹ್ನ 2ಕ್ಕೂ ಮೀಟರ್ ಬಳಿಯ ವೋಲ್ಟೇಜು ಬರೆದಿಡಿ. ಸೆಕ್ಷನ್ ಆಫೀಸಿಗೆ ದೂರು ಕೊಡುವಾಗ ಆ ಹಾಳೆಗೇ ಬೆಲೆ. ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಬಂದ 2024ರ ತಿದ್ದುಪಡಿಯಂತೆ 10 ಕಿಲೋವ್ಯಾಟಿನವರೆಗೆ ತಾಂತ್ರಿಕ ಸಾಧ್ಯತಾ ಅಧ್ಯಯನವಿಲ್ಲದೆ ಅರ್ಜಿ ಒಪ್ಪಿಗೆಯಾದಂತೆ, 5 ಕಿಲೋವ್ಯಾಟಿನವರೆಗೆ ಲೈನು ಬಲಪಡಿಸುವ ಖರ್ಚೂ ವಿತರಣಾ ಕಂಪೆನಿಯದು. ಅಧ್ಯಯನ ಇಲ್ಲವೆಂದರೆ ಲೈನು ಸರಿಯಿದೆ ಎಂದಲ್ಲ.

ಇನ್ನೊಂದು, ವರ್ಷದ ಲೆಕ್ಕ ಮುಚ್ಚುವ ತಿಂಗಳು. ಉಳಿಕೆ ಯೂನಿಟ್ ಆ ದಿನ ಕಡಿಮೆ ದರದಲ್ಲಿ ಹಣವಾಗಿ ಬದಲಾಗುತ್ತದೆ. ಅದು ಮಾರ್ಚ್ ಕೊನೆಯಾದರೆ ನೀರಿನ ಸಮಿತಿ ಚಳಿಗಾಲದಲ್ಲಿ ಕೂಡಿಟ್ಟ ಯೂನಿಟ್ ಏಪ್ರಿಲ್-ಮೇಯ ಓಟಕ್ಕೆ ಸಿಗುವುದಿಲ್ಲ. ನಿಮ್ಮ ಒಪ್ಪಂದದ ದಿನ ಚಾಲ್ತಿಯಿರುವ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗದ ಆದೇಶವನ್ನು ಅಚ್ಚು ಹಾಕಿಸಿ ಕಡತದಲ್ಲಿಡಿ.

ಲೈನಿನಲ್ಲಿ ಕರೆಂಟು ಹೋದರೆ ಸೋಲಾರೂ ನಿಲ್ಲುತ್ತದೆ. ಇದು ದೋಷವಲ್ಲ, ಕಂಬ ಹತ್ತಿದ ಲೈನ್‌ಮ್ಯಾನ್‌ನ ಜೀವದ ಪ್ರಶ್ನೆ.

"ನೀವು ಒಂದು ರೂಪಾಯಿಯೂ ಹಾಕಬೇಡಿ, ಮಾಡು ಕೊಟ್ಟರೆ ಸಾಕು" ಎನ್ನುತ್ತದೆ ಒಂದು ಕಂಪೆನಿ. ನಂಬಬಹುದೇ?

ಕಂಪೆನಿಯೇ ಪ್ಯಾನೆಲ್ ಹಾಕಿ ಕರೆಂಟನ್ನು ಯೂನಿಟ್ ಲೆಕ್ಕದಲ್ಲಿ ನಿಮಗೆ ಮಾರುವ, ರೆಸ್ಕೊ ಎಂಬ ಈ ಪದ್ಧತಿ ಸರಿಯಾದದ್ದೇ, ದೊಡ್ಡ ಶಾಲೆ, ಆಸ್ಪತ್ರೆಗಳಿಗೆ. 25 ವರ್ಷದ ಒಪ್ಪಂದದಲ್ಲಿ ನೋಡಬೇಕಾದದ್ದು: ಯೂನಿಟ್ ದರ ವರ್ಷಕ್ಕೆ ಎಷ್ಟು ಏರುತ್ತದೆ, ಮಾಡು ರಿಪೇರಿಗೆ ಪ್ಯಾನೆಲ್ ಇಳಿಸಿ ಏರಿಸುವ ಖರ್ಚು ಯಾರದು, ನಡುವೆ ಕೊಂಡುಕೊಳ್ಳುವ ಬೆಲೆ ಪ್ರತಿ ವರ್ಷಕ್ಕೂ ಬರೆದಿದೆಯೇ. ಕೊನೆಯದು ಇಲ್ಲದಿದ್ದರೆ ಸಹಿ ಬೇಡ.

ಅರ್ಜಿ ಕನ್ನಡದಲ್ಲಿ ಕೊಡಬಹುದೇ?

1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಗ್ರಾಮಸಭೆಯ ಬೇಡಿಕೆ, ಪಂಚಾಯತಿನ ಅರ್ಜಿ, ಸಂಘದ ನಿರ್ಣಯ ಕನ್ನಡದಲ್ಲೇ ಇರಲಿ. ತಿರುವನಂತಪುರಕ್ಕೋ ಕಂಪೆನಿಗೋ ಹೋಗುವ ಪ್ರಸ್ತಾವನೆಗೆ ಒಂದು ಪುಟದ ಇಂಗ್ಲಿಷ್ ಸಾರಾಂಶ ಲಗತ್ತಿಸಿದರೆ ಕಡತ ಬೇಗ ಸರಿಯುತ್ತದೆ. ಸಂಘದ ಹೆಸರಿನ ಸ್ಪೆಲ್ಲಿಂಗು ಮಾತ್ರ ನೋಂದಣಿ ಪತ್ರ, ಬ್ಯಾಂಕ್ ಪಾಸ್‌ಬುಕ್, ಕೆಎಸ್‌ಇಬಿ ಬಿಲ್ಲು ಮೂರರಲ್ಲೂ ಒಂದೇ ಇರಬೇಕು. ಮಲಯಾಳದಿಂದ ಇಂಗ್ಲಿಷಿಗೆ, ಕನ್ನಡದಿಂದ ಇಂಗ್ಲಿಷಿಗೆ ಬರೆಯುವಾಗ ಒಂದಕ್ಷರ ಬದಲಾಗಿ ಹಣ ವಾಪಸು ಹೋಗುವುದು ಇಲ್ಲಿ ಹೊಸತಲ್ಲ. ತಿದ್ದುಪಡಿಗೆ ಮೊದಲು ಬ್ಯಾಂಕಿಗೆ ಹೋಗಿ, ಆಮೇಲೆ ಸೆಕ್ಷನ್ ಆಫೀಸಿಗೆ. ನೋಂದಣಿ ಪತ್ರವನ್ನು ಮುಟ್ಟಬೇಡಿ.